ಆಟದ ಕೋಣೆಯಲ್ಲಿ ಅಜ್ಜಿಗೊಂದು ಮಣೆ

ಕಾಸರಗೋಡು: ಅಡಿಕೆಗೆ ಒಳ್ಳೆ ರೇಟು ಬಂದ ವರ್ಷವೋ, ಗಲ್ಫಿನಲ್ಲಿರುವ ಮಗ ರಜೆಯಲ್ಲಿ ಊರಿಗೆ ಬಂದಾಗಲೋ ಹಳೆ ಮನೆ ಬಿಚ್ಚಿ ಕಟ್ಟುವ ಮಾತು ಏಳುತ್ತದೆ. ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಅಡೂರು... ಯಾವ ಕಡೆ ಹೋದರೂ ಮುರಕಲ್ಲಿನ ಹಳೆ ಗೋಡೆಯ ಪಕ್ಕದಲ್ಲಿ ಹೊಸ ಪಿಲ್ಲರ್ ಎದ್ದು ನಿಂತಿರುವುದು ಕಾಣಸಿಗುತ್ತದೆ. ಇಂಜಿನಿಯರ್ ತರುವ ನಕ್ಷೆಯಲ್ಲಿ ಕಾರಿನ ಪೋರ್ಚು, ಅಟ್ಯಾಚ್ಡ್ ಬಾತ್‌ರೂಮು, ವರ್ಕ್ ಏರಿಯಾಗಳ ಜತೆಗೆ ಈಗೀಗ ಇನ್ನೊಂದು ಚೌಕವೂ ಸೇರಿಕೊಂಡಿದೆ. ಅದುವೇ ಮಕ್ಕಳ ಆಟದ ಕೋಣೆ!

ಬೇಡ ಎನ್ನುವ ಹಾಗಿಲ್ಲ. ಮೊದಲಿನಂತೆ ಅಂಗಳಕ್ಕೆ ಬಿಟ್ಟರೆ ಸಂಜೆವರೆಗೆ ಹೊರಗೇ ಇರುವಷ್ಟು ಮಕ್ಕಳು ಈಗ ಒಂದು ಮನೆಯಲ್ಲಿ ಇಲ್ಲ. ಇರುವ ಒಂದೆರಡು ಮಕ್ಕಳಿಗೆ ಜತೆ ಬೇಕೆಂದರೆ ಪಕ್ಕದ ಮನೆ ಒಂದು ತೋಟದಾಚೆ ಇರುತ್ತದೆ. ಜೂನ್ ಒಂದಕ್ಕೆ ಶಾಲೆ ಶುರುವಾಗುವ ಹೊತ್ತಿಗೆ ಮಳೆಯೂ ಶುರು. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆ ಇದು. ಜಿಲ್ಲಾಧಿಕಾರಿಗಳು ಮಳೆಗೆ ರಜೆ ಘೋಷಿಸಿದರೆಂದರೆ ಇಡೀ ದಿನ ಮಕ್ಕಳನ್ನು ಎಲ್ಲಿ ಹಾಕುವುದು ಎಂಬುದು ಅಮ್ಮಂದಿರ ತಲೆಬಿಸಿ. ಹಾಗಾಗಿ ಮನೆಯೊಳಗೊಂದು ಆಟದ ಜಾಗ ಬೇಕೇ ಬೇಕು. ಅದು ಮನೆಯ ಯಾವ ಮೂಲೆಯಲ್ಲಿ ಇರಬೇಕು, ಅದರೊಳಗೆ ಏನಿರಬೇಕು ಎಂಬಲ್ಲಿಯೇ ಹೆಚ್ಚಿನವರು ಎಡವುವುದು.

ಮಹಡಿ ಮೇಲೆ ಬೇಡವೇ ಬೇಡ

ನಕ್ಷೆಯಲ್ಲಿ ಆಟದ ಕೋಣೆ ಸಾಮಾನ್ಯವಾಗಿ ಮಹಡಿಯ ಮೇಲೆ, ಹಿಂಬದಿಯಲ್ಲಿ ಇರುತ್ತದೆ. ಗಲಾಟೆ ಕೆಳಗೆ ಕೇಳುವುದಿಲ್ಲ, ಸಾಮಾನು ಚೆಲ್ಲಾಪಿಲ್ಲಿಯಾದರೂ ಬಂದವರ ಕಣ್ಣಿಗೆ ಬೀಳುವುದಿಲ್ಲ ಎಂಬುದು ಲೆಕ್ಕಾಚಾರ. ಗೋಡೆಗೆ ಗುಲಾಬಿ ಬಣ್ಣ, ಕಾರ್ಟೂನಿನ ಸ್ಟಿಕ್ಕರು, ಪ್ಲಾಸ್ಟಿಕ್ ಜಾರುಬಂಡಿ ಎಲ್ಲ ಬರುತ್ತದೆ. ಗೃಹಪ್ರವೇಶದ ದಿನ ನೆಂಟರಿಗೆಲ್ಲ ತೋರಿಸಿಯೂ ಆಗುತ್ತದೆ. ತಿಂಗಳು ಕಳೆದ ಮೇಲೆ ನೋಡಿದರೆ ಮಗು ಒಂದು ಲಾರಿ, ಎರಡು ಗೊಂಬೆ ಎತ್ತಿಕೊಂಡು ಬಂದು ಅಡುಗೆಮನೆ ಬಾಗಿಲಲ್ಲಿ ಅಡ್ಡ ಕುಳಿತಿರುತ್ತದೆ. ಮೇಲಿನ ಕೋಣೆಯಲ್ಲಿ ಇಸ್ತ್ರಿ ಮೇಜು, ಹಳೆ ಫ್ಯಾನು, ಒಣಗಿದ ಬಟ್ಟೆಯ ರಾಶಿ!

ಇದರಲ್ಲಿ ಮಗುವಿನ ತಪ್ಪೇನೂ ಇಲ್ಲ. ಐದಾರು ವರ್ಷದವರೆಗಿನ ಮಕ್ಕಳು ಆಡುವುದು ಆಟಿಕೆ ಇರುವಲ್ಲಿ ಅಲ್ಲ, ಜನ ಇರುವಲ್ಲಿ. ನಡು ನಡುವೆ ತಲೆ ಎತ್ತಿ ದೊಡ್ಡವರ ಮುಖ ನೋಡಿ, ಇದ್ದಾರೆ ಎಂದು ಖಾತ್ರಿ ಮಾಡಿಕೊಂಡು ಮತ್ತೆ ಆಟಕ್ಕೆ ಇಳಿಯುವುದು ಅವರ ಕ್ರಮ. ಹಳೆ ಮನೆಗಳಲ್ಲಿ ಆಟಕ್ಕೆಂದು ಬೇರೆ ಕೋಣೆ ಇರಲಿಲ್ಲ. ಜಗಲಿ ಇತ್ತು, ಚಾವಡಿ ಇತ್ತು, ಅಲ್ಲಿ ಅಜ್ಜ ಅಡಿಕೆ ಹೆರೆಯುತ್ತಲೋ ಅಜ್ಜಿ ಬತ್ತಿ ಹೊಸೆಯುತ್ತಲೋ ಕುಳಿತಿರುತ್ತಿದ್ದರು. ಮಕ್ಕಳು ಅವರ ಕಾಲಬುಡದಲ್ಲಿ ಹೊರಳಾಡಿ ದೊಡ್ಡವರಾದರು. ಆ ಕಾಲವೇ ಚೆನ್ನಾಗಿತ್ತು ಎಂದು ಹೇಳಹೊರಟರೆ ಕಟ್ಟೆ ಇಲ್ಲದ ಬಾವಿ, ಬಚ್ಚಲಿನ ಕುದಿಯುವ ಹಂಡೆ, ಒಲೆಯ ಕೆಂಡ ಎಲ್ಲವನ್ನೂ ನೆನಪಿಸಿಕೊಳ್ಳಬೇಕಾಗುತ್ತದೆ. ಆದರೆ ದೊಡ್ಡವರ ದನಿ ಕೇಳುವಷ್ಟು ಹತ್ತಿರದಲ್ಲಿ ಆಟ ಎಂಬ ಒಂದು ವಿಷಯ ಮಾತ್ರ ಆ ಮನೆಗಳಿಗೆ ಸರಿಯಾಗಿ ಗೊತ್ತಿತ್ತು.

ಆದ್ದರಿಂದ ಆಟದ ಕೋಣೆ ಕೆಳ ಅಂತಸ್ತಿನಲ್ಲಿ, ಚಾವಡಿಗೋ ಅಡುಗೆಮನೆಗೋ ತಾಗಿಕೊಂಡು ಇರುವುದು ಒಳ್ಳೆಯದು. ಹೊಸದು ಕಟ್ಟಬೇಕೆಂದೂ ಇಲ್ಲ. ಹಳೆ ಮನೆಗಳಲ್ಲಿ ಚಾವಡಿಯ ಬದಿಯಲ್ಲಿ ಭತ್ತ ತುಂಬುತ್ತಿದ್ದ ಉಗ್ರಾಣವೊಂದು ಇದ್ದೇ ಇರುತ್ತದೆ. ಗದ್ದೆ ಹೋಗಿ ತೋಟವಾದ ಮೇಲೆ ಅದರಲ್ಲಿ ಗುಜರಿ ಬಿಟ್ಟರೆ ಬೇರೇನಿಲ್ಲ. ಅದನ್ನೇ ಖಾಲಿ ಮಾಡಿದರಾಯಿತು. ಒಂದು ಎಚ್ಚರ ಮಾತ್ರ ಬೇಕು. ತೋಟದ ಮನೆಗಳಲ್ಲಿ ಮೈಲುತುತ್ತು, ಸುಣ್ಣ, ಇಲಿ ಪಾಷಾಣ, ಕೀಟನಾಶಕದ ಡಬ್ಬಿಗಳನ್ನು ಇಡುವುದೂ ಇಂಥ ಕೋಣೆಯಲ್ಲಿಯೇ. ಅವನ್ನು ಮನೆಯಿಂದಲೇ ಹೊರಗೆ, ಬೀಗ ಹಾಕುವ ಶೆಡ್ಡಿಗೆ ಸಾಗಿಸಬೇಕು. ನೆಲವನ್ನು ಒಮ್ಮೆ ಗುಡಿಸಿದರೆ ಸಾಲದು, ಹಲವು ಸಲ ತೊಳೆಯಬೇಕು. ವರ್ಷಾನುಗಟ್ಟಲೆ ಮದ್ದಿನ ಸ್ಟಾಕು ಇಟ್ಟಿದ್ದ ಕೋಣೆಯಾದರೆ, ಅದರಲ್ಲೂ ಮಣ್ಣಿನ ನೆಲವಾಗಿದ್ದರೆ, ಅದರ ಆಸೆ ಬಿಟ್ಟು ಬೇರೆ ಕೋಣೆ ಹುಡುಕುವುದೇ ಲೇಸು.

ಮಾತು ಕಲಿಯುವ ಜಾಗ

ಗಡಿನಾಡಿನ ಕನ್ನಡ ಮನೆಗಳಿಗೆ ಈ ಕೋಣೆಯ ಜಾಗದ ಪ್ರಶ್ನೆ ಇನ್ನೊಂದು ಕಾರಣಕ್ಕೂ ದೊಡ್ಡದು. ಕಾಸರಗೋಡನ್ನು ಸಪ್ತಭಾಷಾ ಸಂಗಮ ಭೂಮಿ ಎಂದು ಹೆಮ್ಮೆಯಿಂದ ಕರೆಯುವುದುಂಟು. ಮನೆಯಲ್ಲಿ ಹವ್ಯಕವೋ ತುಳುವೋ ಕೊಂಕಣಿಯೋ ಮರಾಟಿಯೋ, ದೇವಸ್ಥಾನ ಮತ್ತು ಯಕ್ಷಗಾನದಲ್ಲಿ ಕನ್ನಡ, ಬಸ್ಸಿನಲ್ಲಿ, ಪೇಟೆಯಲ್ಲಿ, ಆಫೀಸಿನಲ್ಲಿ ಮಲಯಾಳ, ಶಾಲೆಯಲ್ಲಿ ಇಂಗ್ಲಿಷು. ಮಗುವಿಗೆ ಇದೆಲ್ಲ ಭಾರವಲ್ಲ, ಮಕ್ಕಳು ನಾಲ್ಕು ಭಾಷೆ ಕಲಿಯಲಿಕ್ಕೆ ಕಷ್ಟಪಡುವುದಿಲ್ಲ. ಆದರೆ ಯಾವ ಭಾಷೆಯಲ್ಲಿ ಆಟವಾಡುತ್ತದೋ ಆ ಭಾಷೆ ಅದರ ನಾಲಗೆಯಲ್ಲಿ ಕುಳಿತುಬಿಡುತ್ತದೆ. 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಡ್ಡಾಯ ಮಾಡುವ ಕಾನೂನು ಕೇರಳದಲ್ಲಿ ಬಂದಾಗ ಇಲ್ಲಿನ ಕನ್ನಡಿಗರು ಪ್ರತಿಭಟನೆಗೆ ಇಳಿದದ್ದು ಎಲ್ಲರಿಗೂ ನೆನಪಿದೆ. ಶಾಲೆಯ ಆ ಚರ್ಚೆ ಅದರ ಪಾಡಿಗೆ ಇರಲಿ. ಶಾಲೆಗೆ ಸೇರುವ ಮೊದಲಿನ ನಾಲ್ಕು ವರ್ಷ ಮಗು ಇರುವುದು ಮನೆಯಲ್ಲಿ. ಆ ನಾಲ್ಕು ವರ್ಷ ಅದು ಯಾರ ಮಾತು ಕೇಳುತ್ತಾ ಆಡುತ್ತದೆ ಎಂಬುದನ್ನು ಯಾವ ಸರಕಾರವೂ ತೀರ್ಮಾನಿಸುವುದಿಲ್ಲ, ಮನೆಯ ನಕ್ಷೆ ತೀರ್ಮಾನಿಸುತ್ತದೆ!

ಮಹಡಿಯ ಮೇಲಿನ ಕೋಣೆಗೆ ಅಜ್ಜಿ ಹತ್ತಲಾರಳು. ಮೊಣಕಾಲು ನೋವು. ಹಾಗಾಗಿ ಅಲ್ಲಿ ಮಗುವಿನ ಜತೆಗಿರುವುದು ಟಿವಿ ಅಥವಾ ಮೊಬೈಲು, ಅದರಲ್ಲಿ ಬರುವುದು ಇಂಗ್ಲಿಷ್ ಹಾಡು. ಕೆಳಗೆ ಅಜ್ಜಿ ಒಬ್ಬಳೇ ಕುಳಿತು ಸೀರಿಯಲ್ ನೋಡುತ್ತಾಳೆ. ಒಂದೇ ಮನೆ, ಹನ್ನೆರಡು ಹದಿನಾಲ್ಕು ಮೆಟ್ಟಿಲಿನ ಅಂತರ. ಹತ್ತು ವರ್ಷ ಕಳೆದ ಮೇಲೆ 'ಮಗುವಿಗೆ ಕನ್ನಡ ಅರ್ಥ ಆಗ್ತದೆ, ಮಾತಾಡ್ಲಿಕ್ಕೆ ಬರುದಿಲ್ಲ' ಎಂದು ಹೇಳುವ ಮನೆಗಳು ಗಡಿಯುದ್ದಕ್ಕೂ ಇವೆ.

ಗೋಡೆಗೆ ಅ ಆ ಇ ಈ ಚಾರ್ಟ್ ಅಂಟಿಸಿದರೆ ಸರಿಹೋಗುತ್ತದೆ ಎಂದು ಭಾವಿಸುವವರಿದ್ದಾರೆ. ಚಾರ್ಟ್ ಇರಲಿ, ತೊಂದರೆಯಿಲ್ಲ. ಆದರೆ ಮಾತು ಕಲಿಸುವುದು ಚಾರ್ಟ್ ಅಲ್ಲ, ಬಾಯಿ. 'ಅದೆಂತ ಮಾಡ್ತಾ ಇದ್ದೀ ಮಗಾ?', 'ಲಾರಿಗೆ ಎಂತ ಲೋಡು?' ಎಂದು ಕೇಳುವವರೊಬ್ಬರು ಹತ್ತಿರ ಇರಬೇಕು. ಪರದೆಯ ವಿಚಾರದಲ್ಲಿ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಸ್ಪಷ್ಟವಾಗಿದೆ. ಒಂದು ವರ್ಷದ ಮಗುವಿಗೆ ಪರದೆ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ. ಅದಕ್ಕೆ ಬದಲು ಮೂರು ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ 180 ನಿಮಿಷ ಮೈಕೈ ಆಡಿಸುತ್ತಿರಬೇಕು ಎನ್ನುತ್ತದೆ ಅದು. ಮೂರು ಗಂಟೆ! ಜುಲೈ ತಿಂಗಳ ಮಳೆಯಲ್ಲಿ ಮೂರು ಗಂಟೆ ಎಲ್ಲಿ ಓಡುವುದು ಎಂಬುದಕ್ಕೇ ಈ ಕೋಣೆ ಬೇಕಾದದ್ದು. ಟಿವಿಯ ಪಾಯಿಂಟನ್ನು ಆಟದ ಕೋಣೆಯಲ್ಲಿ ಕೊಡದಿರುವುದು ಇಲೆಕ್ಟ್ರೀಷಿಯನ್ನನಿಗೆ ಹೇಳಬೇಕಾದ ಮೊದಲ ಮಾತು.

ಮೊದಲು ಮಣೆ, ಆಮೇಲೆ ಆಟಿಕೆ

ಹಾಗಾದರೆ ಕೋಣೆಯನ್ನು ಎಲ್ಲಿಂದ ಶುರುಮಾಡುವುದು? ಆಟಿಕೆಯ ಕಪಾಟಿನಿಂದಲ್ಲ, ದೊಡ್ಡವರು ಕೂರುವ ಜಾಗದಿಂದ. ಗೋಡೆಗೆ ತಾಗಿ ಒಂದು ಅಗಲದ ಬೆಂಚು. ಎತ್ತರ ಒಂದೂವರೆ ಅಡಿ ಇರಲಿ. ಇದಕ್ಕಿಂತ ತಗ್ಗಾದರೆ ಮೊಣಕಾಲು ನೋವಿನವರಿಗೆ ಏಳಲಿಕ್ಕೆ ಆಗುವುದಿಲ್ಲ. ಒಂದು ಬದಿಯಲ್ಲಿ ಕೈ ಊರಿ ಏಳುವುದಕ್ಕೆ ಗಟ್ಟಿ ಹಿಡಿಕೆ, ಬೆನ್ನಿಗೆ ದಿಂಬು. ಬೆಂಚಿನ ಮೇಲೆ ಕಿಟಿಕಿಯ ಬೆಳಕು ಬೀಳುವಂತಿದ್ದರೆ ಅಜ್ಜಿ ಅಲ್ಲಿಯೇ ಪೇಪರ್ ಓದಬಹುದು, ಹೂ ಕಟ್ಟಬಹುದು, ಬಸಳೆ ಸೋಸಬಹುದು. ಕೆಲಸ ಇರುವ ಅಜ್ಜಿ ಎರಡು ಗಂಟೆ ಕೂರುತ್ತಾಳೆ. ಕೆಲಸವಿಲ್ಲದೆ ಕಾವಲಿಗೆಂದು ಕೂರಿಸಿದರೆ ಹತ್ತು ನಿಮಿಷದಲ್ಲಿ ಎದ್ದು ಹೋಗುತ್ತಾಳೆ.

ಅಜ್ಜಿ ಬಂದಳೆಂದರೆ ಎಲೆಯಡಿಕೆ ತಟ್ಟೆಯೂ ಬಂತೆಂದೇ ಲೆಕ್ಕ. ಅದರಲ್ಲಿ ಸುಣ್ಣ ಉಂಟು, ಹೊಗೆಸೊಪ್ಪು ಉಂಟು, ಅಡಕತ್ತರಿ ಉಂಟು. ಸುಣ್ಣ ಕಣ್ಣಿಗೆ ತಾಗಿದರೆ ಕಣ್ಣೇ ಹೋಗಬಹುದು, ಅಡಿಕೆ ಹೋಳು ಗಂಟಲಿಗೆ ಸಿಕ್ಕಿದರೆ ಉಸಿರು ಕಟ್ಟುತ್ತದೆ. ಬೆಂಚಿನ ಪಕ್ಕದಲ್ಲಿ ನೆಲದಿಂದ ನಾಲ್ಕೂವರೆ ಅಡಿ ಎತ್ತರಕ್ಕೆ ಒಂದು ಸಣ್ಣ ಗೋಡೆಗೂಡು ಮಾಡಿದರೆ ತಟ್ಟೆಗೂ ಅಜ್ಜಿಯ ಮಾತ್ರೆ ಡಬ್ಬಿಗೂ ಕನ್ನಡಕಕ್ಕೂ ಅಲ್ಲೇ ಜಾಗ ಆಯಿತು. ಇಂಟೀರಿಯರ್ ಪುಸ್ತಕಗಳಲ್ಲಿ ಈ ಗೂಡು ಇರುವುದಿಲ್ಲ. ಕಾಸರಗೋಡಿನ ಮನೆಗೆ ಇದು ಬೇಕು.

ಮಕ್ಕಳ ಸಾಮಾನಾದರೋ ಅವರ ಕೈಗೆಟಕುವ ಹಾಗೆ ಇರಬೇಕು. ಮಗುವಿನ ಅಳತೆಗೆ ತಕ್ಕ ಕುರ್ಚಿ, ಮೇಜು, ಕಪಾಟು ಎಂಬ ವಿಚಾರವನ್ನು ಜಗತ್ತಿಗೆಲ್ಲ ತಿಳಿಸಿಕೊಟ್ಟವರು ಇಟಲಿಯ ಮರಿಯಾ ಮಾಂಟೆಸ್ಸರಿ. 1907ರಲ್ಲಿ ರೋಮ್‌ನ ಬಡವರ ಕೇರಿಯೊಂದರಲ್ಲಿ ಮಕ್ಕಳ ಮನೆ ಶುರುಮಾಡಿದ ಅವರು 1939ರಲ್ಲಿ ಭಾರತಕ್ಕೂ ಬಂದು ಮದ್ರಾಸಿನ ಅಡ್ಯಾರ್‌ನಲ್ಲಿ ಶಿಕ್ಷಕರಿಗೆ ತರಬೇತಿ ಕೊಟ್ಟಿದ್ದರು. ಇತ್ತ ಗಡಿಯಾಚೆ, ಇಲ್ಲಿಂದ ಬಸ್ಸಿಗೆ ಹತ್ತಿದರೆ ಮುಟ್ಟುವ ಪುತ್ತೂರಿನಲ್ಲಿ ಶಿವರಾಮ ಕಾರಂತರು ಬಾಲವನ ಮಾಡಿಕೊಂಡು ಮಕ್ಕಳಿಂದ ನಾಟಕ, ಕುಣಿತ ಮಾಡಿಸುತ್ತಿದ್ದದ್ದು ಹಿರಿಯರಿಗೆ ಗೊತ್ತಿರುವ ಸಂಗತಿ. ದೊಡ್ಡ ದೊಡ್ಡ ವಿಚಾರಗಳನ್ನೆಲ್ಲ ಬದಿಗಿಟ್ಟು ನೋಡಿದರೂ ಮಗು ತಾನೇ ತೆಗೆದು ತಾನೇ ಇಡುವಂತಿರಬೇಕು ಎಂಬುದು ಅಮ್ಮನ ಬೆನ್ನಿಗೂ ಒಳ್ಳೆಯದೇ. ಎರಡರಿಂದ ಎರಡೂವರೆ ಅಡಿ ಎತ್ತರದ, ಬಾಗಿಲಿಲ್ಲದ, ಎರಡು ತಟ್ಟಿನ ಮರದ ಶೆಲ್ಫು ಸಾಕು. ಅದರಲ್ಲಿ ಹತ್ತು ಹನ್ನೆರಡು ಸಾಮಾನು ಮಾತ್ರ. ಉಳಿದದ್ದನ್ನು ಅಟ್ಟಕ್ಕೆ ಹಾಕಿ ಹದಿನೈದು ದಿನಕ್ಕೊಮ್ಮೆ ಬದಲಿಸಿದರೆ ಹಳೆ ಆಟಿಕೆಯೇ ಹೊಸದರಂತೆ ಕಾಣುತ್ತದೆ. ಗಲ್ಫಿನಿಂದ ಮಾವ ತಂದ ಐವತ್ತು ಕಾರುಗಳನ್ನು ಒಟ್ಟಿಗೆ ಸುರಿದರೆ ಮಗು ಒಂದರಲ್ಲೂ ಆಡುವುದಿಲ್ಲ.

ಉಗ್ರಾಣದಲ್ಲಿ ಹಳೆ ಪತ್ತಾಯ ಇದ್ದರೆ ಗುಜರಿಗೆ ಕೊಡಬೇಡಿ. ಅದರ ಭಾರದ ಮುಚ್ಚಳ ಕಳಚಿ ತೆಗೆದು (ಇದು ಮುಖ್ಯ, ಮುಚ್ಚಳ ಬಿದ್ದು ಬೆರಳು ಜಜ್ಜಿಹೋಗುವುದು, ಒಳಗೆ ಅಡಗಿ ಕುಳಿತ ಮಗುವಿಗೆ ಉಸಿರು ಕಟ್ಟುವುದು ಎರಡೂ ಸಾಧ್ಯ) ಕಾಲು ಕುಯ್ಯಿಸಿ ತಗ್ಗು ಮಾಡಿದರೆ ಒಳ್ಳೆ ಆಟಿಕೆ ಪೆಟ್ಟಿಗೆ ಆಗುತ್ತದೆ. ಕೆಲವು ಪತ್ತಾಯಗಳು ಮಕ್ಕಳ ರಂಗಸ್ಥಳವಾಗುವಷ್ಟು ದೊಡ್ಡವು, ಅವನ್ನು ಕವುಚಿ ಹಾಕಿದರೂ ನಡೆಯುತ್ತದೆ.

ಬೆಳಕು, ಗಾಳಿ, ನೆಲ

ಹತ್ತಡಿ ಉದ್ದ ಹತ್ತಡಿ ಅಗಲದ ಕೋಣೆಯನ್ನು ಲೆಕ್ಕಕ್ಕೆ ಹಿಡಿಯೋಣ. ನಮ್ಮಂಥ ಸೆಕೆ ಮತ್ತು ತೇವದ ಊರುಗಳಿಗೆ ನೆಲದ ವಿಸ್ತಾರದ ಆರನೇ ಒಂದು ಪಾಲಾದರೂ ಕಿಟಿಕಿ ಬೇಕು ಎಂಬುದು ರಾಷ್ಟ್ರೀಯ ಕಟ್ಟಡ ಸಂಹಿತೆಯ ಲೆಕ್ಕ. ನೂರು ಚದರಡಿಗೆ ಹದಿನಾರು ಹದಿನೇಳು ಚದರಡಿ ಬಂತು. ಮೂರಡಿ ಚೌಕದ ಎರಡು ಕಿಟಿಕಿಗಳು ಎದುರುಬದುರು ಇದ್ದರೆ ಸಾಕಾಗುತ್ತದೆ. ಉಗ್ರಾಣಗಳಿಗೆ ಸಾಮಾನ್ಯವಾಗಿ ಇರುವುದು ಒಂದೇ ಸಣ್ಣ ಕಿಂಡಿ. ಮುರಕಲ್ಲಿನ ಗೋಡೆ ಒಡೆದು ಕಿಟಿಕಿ ಇಡುವಾಗ ಮೇಲೆ ಲಿಂಟಲ್ ಕೊಡದೆ ಕೆಲಸ ಮಾಡಿಸಬಾರದು. ಕಿಟಿಕಿಯ ಸರಳುಗಳು ನೆಟ್ಟಗೆ ನಿಂತಿರಲಿ, ನಡುವಿನ ಅಂತರ ನಾಲ್ಕು ಇಂಚು ಮೀರದಿರಲಿ. ಅಡ್ಡ ಸರಳಾದರೆ ಮಕ್ಕಳಿಗೆ ಏಣಿ ಇಟ್ಟು ಕೊಟ್ಟಂತೆ. ಸೊಳ್ಳೆ ಬಲೆ ಬೇಕೇ ಬೇಕು, ಮಳೆಗಾಲದ ಡೆಂಗ್ಯು ಕಾಟ ಹೇಳಬೇಕಾದ್ದಿಲ್ಲವಲ್ಲ. ತೋಟದ ಬದಿಯ ಕೋಣೆಯಾದರೆ ಬಾಗಿಲಿನ ಅಡಿಯ ಸಂದು, ನೀರು ಹೋಗುವ ತೂತು ಎಲ್ಲಕ್ಕೂ ಜಾಲರಿ ಹಾಕಿಸುವುದು ಹಾವಿನ ಭಯಕ್ಕೂ ಒಳ್ಳೆಯದು.

ನೆಲಕ್ಕೆ ಈಗಿನ ಫ್ಯಾಷನ್ ವಿಟ್ರಿಫೈಡ್ ಟೈಲ್ಸ್. ಕನ್ನಡಿಯಂತೆ ಹೊಳೆಯುತ್ತದೆ, ಒಂದು ಹನಿ ನೀರು ಬಿದ್ದರೆ ಮಗುವೂ ಅಜ್ಜಿಯೂ ಒಟ್ಟಿಗೆ ಜಾರುತ್ತಾರೆ. ಹಳೆಯ ಕೆಂಪು ಕಾವಿ ನೆಲ ಇದ್ದರೆ ಅದನ್ನು ಒಡೆಯಬೇಡಿ. ಕಾಲಿಗೆ ತಂಪು, ಜಾರುವುದೂ ಕಡಿಮೆ. ಅದರ ಮೇಲೆ ಓಲೆ ಚಾಪೆ ಹಾಕಿದರೆ ಆಯಿತು. ಮಾರುಕಟ್ಟೆಯಲ್ಲಿ ಸಿಗುವ ಬಣ್ಣ ಬಣ್ಣದ ಫೋಮ್ ಚಾಪೆ ಬಿದ್ದರೆ ನೋವಾಗದಂತೆ ತಡೆಯುತ್ತದೆ, ನಿಜ. ಆದರೆ ಮಳೆಗಾಲದಲ್ಲಿ ಅದರ ಅಡಿಯಲ್ಲಿ ಬೂಸ್ಟು ಹಿಡಿಯುತ್ತದೆ. ವಾರಕ್ಕೊಮ್ಮೆ ಎತ್ತಿ ಒರೆಸುವ ಉಮೇದು ಇದ್ದವರು ಮಾತ್ರ ತರಲಿ.

ಬಣ್ಣದ ವಿಷಯದಲ್ಲಿ ಆತುರ ಒಳ್ಳೆಯದಲ್ಲ. ಮುರಕಲ್ಲಿನ ಗೋಡೆ ಮಳೆಗಾಲದ ನೀರನ್ನು ಕುಡಿದುಕೊಂಡಿರುತ್ತದೆ. ಒಣಗುವ ಮೊದಲೇ ಎಮಲ್ಷನ್ ಬಳಿದರೆ ಮುಂದಿನ ವರ್ಷ ಹಪ್ಪಳದಂತೆ ಏಳುತ್ತದೆ, ಮಕ್ಕಳು ಅದನ್ನು ಕಿತ್ತು ಬಾಯಿಗೆ ಹಾಕುತ್ತಾರೆ. ಮನೆ ಬಳಕೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ ಮೀರಕೂಡದೆಂಬ ನಿಯಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಡಬ್ಬಿಯ ಮೇಲೆ ಅದನ್ನು ಬರೆದಿರುತ್ತಾರೆ. ಅದಕ್ಕಿಂತ ಹಿಂದೆ ಬಳಿದ ಎನಾಮೆಲ್ ಪೈಂಟು ಕಿಟಿಕಿ ದಾರಂದಗಳಲ್ಲಿ ಏಳುತ್ತಿದ್ದರೆ ಒಣ ಮರಳು ಕಾಗದ ಹಾಕಿ ಉಜ್ಜಬಾರದು, ಆ ಹುಡಿಯಲ್ಲಿಯೇ ಸೀಸ ಇರುವುದು. ಒದ್ದೆ ಮಾಡಿಕೊಂಡು, ಮಕ್ಕಳನ್ನು ಮನೆಯಿಂದ ಹೊರಗಿಟ್ಟು ಕೆಲಸ ಮಾಡಿಸಬೇಕು. ಒಂದು ಗೋಡೆಗೆ ನೆಲದಿಂದ ಎರಡಡಿಗೆ ಶುರುವಾಗಿ ನಾಲ್ಕಡಿವರೆಗೆ ಬ್ಲ್ಯಾಕ್‌ಬೋರ್ಡ್ ಪೈಂಟು ಹೊಡೆದರೆ ಉಳಿದ ಮೂರು ಗೋಡೆಗಳು ಬದುಕುತ್ತವೆ.

ಚೆನ್ನೆಮಣೆ ಮತ್ತು ಹಾಳೆಯ ಕಿರೀಟ

ಆಟಿಕೆಯ ಮಾತಿಗೆ ಬರೋಣ. 2021ರ ಜನವರಿ ಒಂದರಿಂದ ದೇಶದಲ್ಲಿ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಜಾತ್ರೆ ಸಂತೆಯಲ್ಲಿ ಗುರುತಿಲ್ಲದ್ದು ಈಗಲೂ ಸಿಗುತ್ತದೆ. ಮೂರು ವರ್ಷದ ಒಳಗಿನವರಿಗೆ ಅಂಥದ್ದು ಬೇಡ. ಚನ್ನಪಟ್ಟಣದ ಆಟಿಕೆ ಹಾಲೆ ಮರದ್ದು, ಬಣ್ಣ ಅರಗಿನದ್ದು, ಕಾಸರಗೋಡಿನವರು ಬೆಂಗಳೂರಿಗೆ ಹೋಗಿ ಬರುವಾಗ ತರುವುದಕ್ಕೆ ಒಳ್ಳೆಯದೇ. ಕುಶಲಕರ್ಮಿಗಳ ಇಂಥ ಭೌಗೋಳಿಕ ಸೂಚಕ ಪಡೆದ ಸಾಮಾನುಗಳಿಗೆ ಆ ನಿಯಮದಿಂದ ವಿನಾಯಿತಿ ಉಂಟು.

ಆದರೆ ಬೆಲೆಯಿಲ್ಲದ ಆಟಿಕೆ ತೋಟದಲ್ಲೇ ಬಿದ್ದಿರುತ್ತದೆ. ಅಡಿಕೆ ಹಾಳೆಯಲ್ಲಿ ಒಬ್ಬನನ್ನು ಕೂರಿಸಿ ಇನ್ನೊಬ್ಬ ಎಳೆಯುವ ಆಟಕ್ಕೆ ಯಾವ ಬ್ಯಾಟರಿ ಕಾರೂ ಸಾಟಿಯಲ್ಲ. ಅದೇ ಹಾಳೆ ಕತ್ತರಿಸಿ ಮಸಿಯಲ್ಲಿ ಗೆರೆ ಬರೆದರೆ ಕಿರೀಟ, ಭುಜಕೀರ್ತಿ. ತೆಂಕುತಿಟ್ಟಿನ ಈ ಊರಿನಲ್ಲಿ ರಾತ್ರಿ ಆಟ ನೋಡಿ ಬಂದ ಮಗು ಮರುದಿನ ಅದನ್ನೇ ಆಡುತ್ತದೆ. ಅದಕ್ಕೆ ಒಂದು ಹಳೆ ಸೀರೆಯ ಪರದೆ, ಬಡಿಯಲಿಕ್ಕೆ ಒಂದು ಡಬ್ಬಿ ಸಾಕು. ದಾರಂದದ ನಡುವೆ ಮೂರಡಿ ಎತ್ತರಕ್ಕೆ ಒಂದು ಸರಳು ಸಿಕ್ಕಿಸಿ ಪರದೆ ಇಳಿಬಿಟ್ಟರೆ ಬೊಂಬೆಯಾಟಕ್ಕೂ ಆಯಿತು. ಯಕ್ಷಗಾನ ಬೊಂಬೆಯಾಟವನ್ನು ದೇಶ ವಿದೇಶಗಳಿಗೆ ಕೊಂಡುಹೋದ ಶ್ರೀ ಗೋಪಾಲಕೃಷ್ಣ ಯಕ್ಷಗಾನ ಬೊಂಬೆಯಾಟ ಸಂಘ ಇರುವುದು ಇದೇ ಕಾಸರಗೋಡಿನಲ್ಲಿ. ನಮ್ಮ ಮಕ್ಕಳು ಮಾತ್ರ ಟಿವಿಯ ಬೊಂಬೆಗೆ ಜೋತುಬಿದ್ದಿವೆ. ಪರದೆ ಹಿಂದೆ ಕುಳಿತ ಮಗು ಭಾಗವತನೂ ಆಗುತ್ತದೆ, ರಾವಣನೂ ಆಗುತ್ತದೆ, ಅರ್ಥವನ್ನೂ ತಾನೇ ಹೇಳುತ್ತದೆ. ಯಾವ ಭಾಷೆಯಲ್ಲಿ ಎಂದು ಬೇರೆ ಹೇಳಬೇಕೇ?

ಆಟಿ ತಿಂಗಳಲ್ಲಿ ಅಟ್ಟದಿಂದ ಚೆನ್ನೆಮಣೆ ಇಳಿಸುವ ಮನೆಗಳು ಇನ್ನೂ ಉಂಟು. ಎರಡು ಸಾಲು, ಸಾಲಿಗೆ ಏಳರಂತೆ ಹದಿನಾಲ್ಕು ಗುಳಿ, ಗುಳಿಗೆ ನಾಲ್ಕು ಕಾಯಿಯಂತೆ 56 ಕಾಯಿ. ಲೆಕ್ಕ ಕಲಿಸಲಿಕ್ಕೆ ಇದಕ್ಕಿಂತ ಒಳ್ಳೆ ಟ್ಯೂಷನ್ ಇಲ್ಲ, ಅಜ್ಜಿಯೇ ಸೋಲದ ಮೇಷ್ಟ್ರು! ಇದಕ್ಕೆ ಮಂಜೊಟ್ಟಿ ಕಾಯಿ ಬಳಸುವುದು ಕ್ರಮ. ಅದು ಪೂರ್ತಿ ಕೆಂಪು. ಕೆಂಪಿನ ಮೇಲೆ ಕಪ್ಪು ಚುಕ್ಕೆ ಇರುವ ಸಣ್ಣ ಗುಲಗಂಜಿ ಬೇರೆ, ಅದು ವಿಷ. ಅಗಿದು ನುಂಗಿದರೆ ಪ್ರಾಣಕ್ಕೇ ಅಪಾಯ. ಚಂದ ಕಾಣುತ್ತದೆಂದು ಅದನ್ನು ಆಟದ ಕೋಣೆಗೆ ತರಲೇಬಾರದು. ಮಂಜೊಟ್ಟಿಯನ್ನಾದರೂ ಮೂರು ವರ್ಷ ಆಗುವವರೆಗೆ ಮೇಲಿನ ಗೂಡಿನಲ್ಲಿ ಇಡಬೇಕು, ಮೂಗಿಗೆ ಕಿವಿಗೆ ತುರುಕಿಕೊಂಡು ಆಸ್ಪತ್ರೆಗೆ ಓಡಿದ ಪ್ರಕರಣಗಳು ಊರೂರಲ್ಲಿ ಇವೆ. ಹಾಡುವ ಆಟಿಕೆಗಳಲ್ಲಿ, ರಿಮೋಟಿನಲ್ಲಿ ಇರುವ ಬಟನ್ ಬ್ಯಾಟರಿ ಅದಕ್ಕಿಂತ ದೊಡ್ಡ ಶತ್ರು. ನುಂಗಿದರೆ ಕೆಲವೇ ಗಂಟೆಗಳಲ್ಲಿ ಅನ್ನನಾಳವನ್ನು ಸುಡುತ್ತದೆ. ಬ್ಯಾಟರಿ ಬಾಗಿಲಿಗೆ ಸ್ಕ್ರೂ ಇಲ್ಲದ ಆಟಿಕೆಯನ್ನು ಯಾರು ಪ್ರೀತಿಯಿಂದ ಕೊಟ್ಟರೂ ಬೀರುವಿನಲ್ಲೇ ಇಡುವುದು.

ಬಡಗಿಯವರಿಗೆ, ಇಲೆಕ್ಟ್ರೀಷಿಯನ್‌ಗೆ

ಕಬ್ಬಿಣದ ಕಪಾಟು, ಪುಸ್ತಕದ ಶೆಲ್ಫು ಎಲ್ಲವನ್ನೂ ಎಲ್ ಕ್ಲಾಂಪ್ ಹಾಕಿ ಗೋಡೆಗೆ ಬಿಗಿಯಬೇಕು. ಮಗು ಮೇಜಿನ ಖಾನೆಗಳನ್ನು ಎಳೆದು ಮೆಟ್ಟಿಲು ಮಾಡಿ ಹತ್ತಿದರೆ ಕಪಾಟೇ ಮೈಮೇಲೆ ಬೀಳುತ್ತದೆ. ಬಾಗಿಲಿನ ಒಳಗಿನ ಚಿಲಕ ತೆಗೆಸಿಬಿಡಿ, ಮಕ್ಕಳು ಒಳಗಿನಿಂದ ಹಾಕಿಕೊಂಡು ತೆಗೆಯಲಾಗದೆ ಅತ್ತು ಕರೆಯುವುದು ಹಳೆ ಮನೆಗಳ ಮಾಮೂಲಿ ಕತೆ. ಪ್ಲಗ್ ಪಾಯಿಂಟುಗಳು ಎತ್ತರದಲ್ಲಿ ಇರಲಿ, ಶಟರ್ ಇರುವ ಮಾದರಿಯವು ಸಿಗುತ್ತವೆ. ಮೈನ್ ಬೋರ್ಡಿನಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇದೆಯೇ ಎಂದು ನೋಡಿಸಿ. ಇಲ್ಲದಿದ್ದರೆ ಆಟಿಕೆಗೆ ಹಾಕುವ ದುಡ್ಡನ್ನು ಮೊದಲು ಅದಕ್ಕೆ ಹಾಕುವುದು. ಕೋಣೆಯಿಂದ ಬಾವಿ, ಕೆರೆ, ಗೊಬ್ಬರಗುಂಡಿ ಕಡೆಗೆ ನೇರ ಬಾಗಿಲು ಇದ್ದರೆ ಅದನ್ನು ಮುಚ್ಚಿಸಿ ಕಿಟಿಕಿ ಮಾಡುವುದು ಉತ್ತಮ.

ಈ ಜಿಲ್ಲೆಯಲ್ಲಿ ಇನ್ನೊಂದು ಮಾತನ್ನು ಮರೆಯುವ ಹಾಗಿಲ್ಲ. ಗೇರು ತೋಟಗಳಿಗೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ 2000ದಲ್ಲಿ ನಿಂತಿತು, 2011ರಲ್ಲಿ ಸುಪ್ರೀಂ ಕೋರ್ಟ್ ಇಡೀ ದೇಶದಲ್ಲಿ ಅದನ್ನು ನಿಷೇಧಿಸಿತು. ಎಣ್ಮಕಜೆ, ಪಡ್ರೆ ಮೊದಲಾದ ಕಡೆಗಳಲ್ಲಿ ನಡೆಯಲಾರದ, ಕೂರಲಾರದ ಮಕ್ಕಳನ್ನು ಎತ್ತಿಕೊಂಡೇ ಬಾಳಿದ ತಾಯಂದಿರ ಕತೆ ಹೊಸದಲ್ಲ. ಬಡ್ಸ್ ಶಾಲೆಗೆ ಹೋಗಿ ಬಂದ ಮೇಲೆ ಉಳಿದ ಹೊತ್ತೆಲ್ಲ ಇಂಥ ಮಗು ಇರುವುದು ಒಳಕೋಣೆಯ ಮಂಚದಲ್ಲಿ. ಆಟದ ಕೋಣೆ ಎಂದರೆ ಓಡುವ ಮಕ್ಕಳದ್ದು ಎಂದೇ ನಾವು ತಿಳಿದುಬಿಟ್ಟಿದ್ದೇವೆ. ಮನೆಯಲ್ಲಿ ಅಂಥ ಮಗುವಿದ್ದರೆ ಕೋಣೆಯ ಬಾಗಿಲು ಮೂರಡಿ ಅಗಲವಿರಲಿ, ಹೊಸ್ತಿಲು ಕುಯ್ದು ಸಮ ಮಾಡಿಸಿ. ಹೊಸ್ತಿಲು ತೆಗೆಯುವುದು ಶಾಸ್ತ್ರಕ್ಕೆ ಸರಿಯೇ ಎಂದು ಹಿರಿಯರು ಕೇಳಬಹುದು, ಹೊರಬಾಗಿಲಿನದ್ದು ಇರಲಿ ಬಿಡಿ, ಒಳಗಿನದ್ದಕ್ಕೆ ಎಂತ ಶಾಸ್ತ್ರ? ಎರಡು ಗೋಡೆ ಸೇರುವ ಮೂಲೆಯಲ್ಲಿ ದಿಂಬು ಕೊಟ್ಟು ಕೂರಿಸುವ ಆಸನ, ಮಲಗಿಯೇ ಎಲ್ಲ ಕಾಣುವಂಥ ತಗ್ಗಿನ ಮಂಚ, ಕೈಗೆ ಸಿಗುವಲ್ಲಿ ತೂಗುಹಾಕಿದ ಗಿಲಕಿ ಇಷ್ಟು ಇದ್ದರೆ ಅಣ್ಣ ತಂಗಿಯರ ಆಟದ ನಡುವೆಯೇ ಅದೂ ಇರುತ್ತದೆ. ಫಿಸಿಯೋಥೆರಪಿಯವರು ಬಂದು ಹೇಳಿಕೊಡುವ ವ್ಯಾಯಾಮಕ್ಕೂ ಈ ನೆಲವೇ ಆಯಿತು.

ಸಣ್ಣ ಮನೆಯವರು ಎಂತ ಮಾಡುವುದು?

ಇಷ್ಟೆಲ್ಲ ಓದಿ 'ನಮಗೆ ಇರುವುದೇ ಐದು ಸೆಂಟ್ಸ್ ಮಾರಾಯ್ರೇ' ಎನ್ನುವವರಿಗೂ ದಾರಿ ಉಂಟು. ಲೈಫ್ ಯೋಜನೆಯಲ್ಲಿ ಸಿಕ್ಕಿದ ಸುಮಾರು 400 ಚದರಡಿಯ ಮನೆಯಲ್ಲಿ ಬೇರೆ ಕೋಣೆ ಸಾಧ್ಯವಿಲ್ಲ. ಸಿಟೌಟಿನ ಒಂದು ತುದಿಯಲ್ಲಿ ಆರಡಿ ನಾಲ್ಕಡಿ ಜಾಗಕ್ಕೆ ಗ್ರಿಲ್ ಹಾಕಿಸಿ, ಒಂದು ಚಾಪೆ, ಎರಡು ಬುಟ್ಟಿ ಇಟ್ಟರೆ ಅದೇ ಆಟದ ಕೋಣೆ. ನಿಜ ಹೇಳಬೇಕೆಂದರೆ ಜನ ಹೋಗಿ ಬರುವ ಈ ಜಾಗ ಮಹಡಿಯ ಮೇಲಿನ ಗುಲಾಬಿ ಕೋಣೆಗಿಂತ ಎಷ್ಟೋ ಪಾಲು ಮೇಲು. ಬೀಡಿ ಕಟ್ಟುವ ಮನೆಗಳಲ್ಲಿ ಮಾತ್ರ ತಂಬಾಕಿನ ಹುಡಿ ಹಾರುವ ಕಡೆ ಮಗುವನ್ನು ಕೂರಿಸಬಾರದು. ತಾಯಿ ಕಣ್ಣಳತೆಯಲ್ಲಿ ಇರಲಿ, ಮಗು ಗಾಳಿ ಬರುವ ಬದಿಯಲ್ಲಿ ಇರಲಿ, ಸೂಪು ಎತ್ತಿಟ್ಟು ಕೈ ತೊಳೆದ ಮೇಲೆಯೇ ಮಗುವನ್ನು ಮುಟ್ಟುವುದು.

ದೊಡ್ಡ ಮನೆಯವರಿಗೂ ಏಪ್ರಿಲ್ ಮೇಯಲ್ಲಿ ಜಾಗ ಸಣ್ಣದೇ. ಮಂಗಳೂರು, ಬೆಂಗಳೂರು, ದುಬೈಯಿಂದ ಅಣ್ಣ ತಮ್ಮಂದಿರ ಮಕ್ಕಳೆಲ್ಲ ಬಂದಿಳಿದರೆ ಎಂಟು ಹತ್ತು ಮಂದಿ. ಹಾಗಾಗಿ ಗೋಡೆಗೆ ಬಿಗಿದ ಶೆಲ್ಫು, ಬೆಂಚು ಬಿಟ್ಟು ಉಳಿದದ್ದೆಲ್ಲ ಎತ್ತಿ ಬದಿಗಿಡುವಂತೆ ಇರಬೇಕು, ನಡುವೆ ಖಾಲಿ ನೆಲ ಉಳಿಯಬೇಕು. ಮದುವೆ, ಪೂಜೆಯ ದಿನ ಅದೇ ಕೋಣೆಯಲ್ಲಿ ಸಾಲಾಗಿ ಚಾಪೆ ಹಾಕಿ ನೆಂಟರನ್ನು ಮಲಗಿಸಬಹುದು. ಬೇಸಿಗೆ ರಜೆಗೆ ಕೋಣೆ ತಯಾರಾಗಬೇಕೆಂದರೆ ಕಿಟಿಕಿ ಒಡೆಯುವ ಮತ್ತು ಗಾರೆಯ ಕೆಲಸ ದೀಪಾವಳಿ ಕಳೆದ ಕೂಡಲೇ ಶುರುವಾಗಬೇಕು. ಗಾರೆಗೆ ನೀರುಣಿಸಿ, ಗೋಡೆ ಒಣಗಲು ತಿಂಗಳೆರಡು ಬಿಟ್ಟು, ಬಣ್ಣ ಹಾಕುವುದು ಫೆಬ್ರವರಿಗೆ ಇಟ್ಟುಕೊಂಡರೆ ಮಾರ್ಚ್ ಪೂರ್ತಿ ವಾಸನೆ ಹೋಗಲಿಕ್ಕೆ ಸಿಗುತ್ತದೆ. ಬೆಂಚಿನ ಎತ್ತರ ಗುರುತು ಹಾಕುವ ದಿನ ಅಜ್ಜಿಯನ್ನು ಕರೆದು ಒಂದು ಸ್ಟೂಲಿನಲ್ಲಿ ಕೂರಿಸಿ, ಎದ್ದು ನೋಡಲು ಹೇಳಿ, ಆಮೇಲೆ ಬಡಗಿಯವರಿಗೆ ಅಳತೆ ಕೊಡುವುದು.